ಮೇಜಿಗೆ ಐದನೇ ಕಾಲು

ಕೋಣೆಯ ನಡುವೆ ನಿಂತು ಸುತ್ತಲೂ ಫೋಟೋ ತೆಗೆದು, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಸೇರಿಸಿ ಒಂದೇ ಚಿತ್ರ ಮಾಡುವವನಿಗೆ ಎಡವಟ್ಟುಗಳಿಗೇನೂ ಬರವಿಲ್ಲ. ಎರಡು ಸಾವಿರದ ಇಸವಿ ದಾಟಿ, ದೆಹಲಿಯ ಹೋಟೆಲು, ಫ್ಲ್ಯಾಟುಗಳಿಗೆಲ್ಲ ವೆಬ್‌ಸೈಟಿನ ಹುಚ್ಚು ಹಿಡಿದಾಗ ನಾನು ಈ ಕಸುಬಿಗೆ ಇಳಿದೆ.

ಒಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಕಿಟಕಿಯ ಸರಳಿಗೆ ನೇರವಾಗಿ ಹಿಡಿಯಿರಿ. ಈಗ ಇನ್ನೊಂದು ಕಣ್ಣಿನಿಂದ ನೋಡಿ. ಬೆರಳು ಪಕ್ಕದ ಸರಳಿಗೆ ಹಾರಿರುತ್ತದೆ. ಕ್ಯಾಮೆರಾ ತಿರುಗಿಸಿದಾಗ ಲೆನ್ಸ್ ಜಾಗ ಬಿಟ್ಟು ಕದಲಿದರೆ ಹತ್ತಿರದ ಮೇಜು, ಕುರ್ಚಿಗಳೂ ಹೀಗೇ ಹಾರುತ್ತವೆ, ಚಿತ್ರ ಸೇರಿಸುವಾಗ ಅಂಚುಗಳು ಕೂಡುವುದಿಲ್ಲ. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ.

ಅದಕ್ಕಿಂತ ದೊಡ್ಡ ಸಮಸ್ಯೆ ನನ್ನ ಮಾವ. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ವಸಂತ್ ಕುಂಜ್‌ನಲ್ಲಿ ನೆಲೆಸಿದವರು. "ಫೋಟೋ ತೆಗೀತೀಯ, ಸರಿ. ಕೆಲಸ ಏನು ಮಾಡ್ತೀಯ?" ಎಂದು ಪ್ರತಿ ಭಾನುವಾರ ಕೇಳುತ್ತಿದ್ದರು. ವಾಕಿಂಗ್ ಗೆಳೆಯರಿಗೆ ಮಾತ್ರ ಅಳಿಯ "ಏನೋ ಕಂಪ್ಯೂಟರು" ಎಂದು ಹೇಳಿ ಮಾತು ಬದಲಿಸುತ್ತಿದ್ದರಂತೆ. ಅದು ನನಗೆ ಚೆನ್ನಾಗಿಯೇ ಚುಚ್ಚುತ್ತಿತ್ತು.

ಹೋಟೆಲು

ಮೊದಲ ಗಿರಾಕಿ ಮುನಿರ್ಕಾ ಕಡೆಯ ಒಂದು ದೋಸೆ ಹೋಟೆಲಿನ ಮಾಲೀಕರು, ಉಡುಪಿ ಕಡೆಯವರು. ಚಿತ್ರ ತೋರಿಸಿದೆ. ಕಿಟಕಿ ಪಕ್ಕದ ಮೇಜಿಗೆ ಐದು ಕಾಲು ಬಂದಿತ್ತು. ಕೈಯಲ್ಲಿ ಮುಚ್ಚೋಣವೆಂದರೆ ಅವರ ಬೆರಳು ಆಗಲೇ ಅಲ್ಲಿತ್ತು.

"ಇದೆಂಥದು ಮಾರಾಯ್ರೆ?"

"ಸಣ್ಣ ತಪ್ಪು ಸರ್, ಅಳಿಸಿಬಿಡ್ತೇನೆ."

"ಅಳಿಸುವುದು ಬೇಡ. ಆ ಮೇಜು ಅಲ್ಲಾಡ್ತದೆ ಅಂತ ಗಿರಾಕಿಗಳು ದಿನಾ ಬೈತಾರೆ. ನಿಮಗೆ ಸಾಧ್ಯವಾದರೆ ಅಂಥದ್ದೇ ಐದನೇ ಕಾಲೊಂದನ್ನು ಈ ನಿಜವಾದ ಮೇಜಿಗೂ ಹಾಕಿ ಕೊಡಿ."

ವಾಸ್ತು

ಮಯೂರ್ ವಿಹಾರ್‌ನ ಫ್ಲ್ಯಾಟೊಂದನ್ನು ಕೊಳ್ಳಲಿದ್ದವರು ನನ್ನ ಚಿತ್ರವನ್ನು ತಮ್ಮ ವಾಸ್ತು ಪಂಡಿತರಿಗೆ ತೋರಿಸಿದರು. ಕ್ಯಾಮೆರಾಕ್ಕೆ ಹತ್ತಿರವಿದ್ದ ಕಂಬ ಚಿತ್ರದಲ್ಲಿ ಎರಡು ತುಂಡಾಗಿ, ಮೇಲಿನರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ ನಿಂತಿತ್ತು. "ಮನೆಯ ಯಜಮಾನನ ಬೆನ್ನುಮೂಳೆಗೆ ಗಂಡಾಂತರ" ಎಂದರು ಪಂಡಿತರು. ಫ್ಲ್ಯಾಟಿನ ಮಾಲೀಕರು ನನ್ನ ಮೇಲೆ ಹರಿಹಾಯ್ದರು.

ನಾನು ಓಡಿಹೋಗಿ ಪ್ಯಾರಲಾಕ್ಸ್ ವಿವರಿಸಿದೆ, ಹೆಬ್ಬೆರಳೂ ಹಿಡಿಸಿದೆ. ಪಂಡಿತರು ಕಣ್ಣು ಮಿಟುಕಿಸಿ ನೋಡಿ, "ಅಚ್ಛಾ, ದೋಷಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೇಳ್ತಾರಾ?" ಎಂದರು. ಕಂಬದ ಬುಡದಲ್ಲಿ ತಾಮ್ರದ ಪಿರಮಿಡ್ ಇಡಿಸಿದರು. ನಾನು ಮರುದಿನ ಹುಷಾರಾಗಿ, ಕಂಬದಿಂದ ದೂರ ನಿಂತು ಮತ್ತೆ ಫೋಟೋ ತೆಗೆದೆ. ಕಂಬ ನೆಟ್ಟಗಾಯಿತು, ಫ್ಲ್ಯಾಟ್ ಮಾರಿಹೋಯಿತು. ಪಿರಮಿಡ್ಡಿನ ಮಹಿಮೆಯನ್ನು ಆ ಹೌಸಿಂಗ್ ಸೊಸೈಟಿಯಲ್ಲಿ ಈಗಲೂ ಕೊಂಡಾಡುತ್ತಾರೆ.

ಪೊರಕೆಕಡ್ಡಿ

ಅವಮಾನ ಸಾಕಾಗಿ, ವೆಲ್ಡಿಂಗ್ ಅಂಗಡಿಯ ಭಯ್ಯಾನಿಂದ ಒಂದು ಕಬ್ಬಿಣದ ಬ್ರಾಕೆಟ್ ಮಾಡಿಸಿದೆ. ಅದರಲ್ಲಿ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಕೂರಿಸಿದರೆ ಲೆನ್ಸ್ ಇದ್ದಲ್ಲೇ ತಿರುಗಬೇಕು. ಪರೀಕ್ಷೆಗೆ ನಮ್ಮ ಮನೆಯ ಹಜಾರದಲ್ಲಿ ಎರಡು ಪೊರಕೆಕಡ್ಡಿ ನಿಲ್ಲಿಸಿ, ಕ್ಯಾಮೆರಾ ತಿರುಗಿಸಿದರೂ ಒಂದರ ಹಿಂದೆ ಒಂದು ಅಡಗಿಯೇ ಇರುತ್ತದೋ ಎಂದು ಮಂಡಿಯೂರಿ ನೋಡುತ್ತಿದ್ದೆ. ನನ್ನ ಮಗಳು ಫೋನಿನಲ್ಲಿ ತಾತನಿಗೆ ವರದಿ ಒಪ್ಪಿಸಿದಳು: "ಪಪ್ಪಾ ಝಾಡೂ ಕೀ ಪೂಜಾ ಕರ್ ರಹೇ ಹೈಂ."

ಹಬ್ಬ

ಬಹುಶಃ ಪಪ್ಪನ ಪೊರಕೆ ಪೂಜೆಯ ಆ ವರದಿಯ ಪರಿಣಾಮ, ಮಾವ ಹೇಳಿ ಕಳಿಸಿದರು. ಕೊಡವರು ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬಕ್ಕೆ ದೆಹಲಿಯಲ್ಲಿರುವ ಬಂಧುಗಳೆಲ್ಲ ಅವರ ಮನೆಗೆ ಬರುವವರಿದ್ದರು. "ಎಲ್ಲರೂ ಒಂದೇ ಚಿತ್ರದಲ್ಲಿರಬೇಕು. ಯಾರಿಗೂ ಮೂರನೇ ಕೈ ಬರಬಾರದು. ಸರಿಯಾಗಿ ಬಂದರೆ ಇದು ಕೆಲಸ ಅಂತ ಒಪ್ತೀನಿ."

ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ಗಂಡಸರು, ಕೊಡವ ಸೀರೆಯ ಹೆಂಗಸರು ಗೋಡೆಯುದ್ದಕ್ಕೂ ಕೂತರು. ಮೊದಲ ಫೋಟೋ ಮಾವನದು, ಕುರ್ಚಿಯಲ್ಲಿ, ಎದೆ ಸೆಟೆಸಿಕೊಂಡು. ಆಮೇಲೆ ನನ್ನ ಕಣ್ಣು ಬ್ರಾಕೆಟ್ಟಿನ ಗುರುತುಗಳನ್ನು ಬಿಟ್ಟು ಆಚೀಚೆ ಹೋಗಲಿಲ್ಲ. ತಿರುಗಿಸು, ಕ್ಲಿಕ್. ತಿರುಗಿಸು, ಕ್ಲಿಕ್.

ಅವರೆಲ್ಲ ಊಟಕ್ಕೆದ್ದಾಗ ಒಳಕೋಣೆಯಲ್ಲಿ ಚಿತ್ರಗಳನ್ನು ಸೇರಿಸಿದೆ. ಕತ್ತಿಗಳು ತುಂಡಾಗಿರಲಿಲ್ಲ, ಎಲ್ಲರಿಗೂ ಎರಡೇ ಕೈ. ಖುಷಿಯಿಂದ ಕಣ್ಣು ತುಂಬಿತು. ಆಮೇಲೆ ನೋಡಿದರೆ ಮಾವ ಮೂರು ಕಡೆ ಇದ್ದರು: ಕುರ್ಚಿಯಲ್ಲಿ ಕೂತಿದ್ದರು, ಭಾವಮೈದುನರ ಸಾಲಿನಲ್ಲಿ ಒಬ್ಬರ ಬೆನ್ನು ನೆಟ್ಟಗೆ ಮಾಡಿಸುತ್ತಿದ್ದರು, ಬಾಗಿಲಲ್ಲಿ ತಡವಾಗಿ ಬಂದವರನ್ನು ಗದರುತ್ತಿದ್ದರು. ತಮ್ಮ ಫೋಟೋ ಮುಗಿದ ಮೇಲೆ ಸುಮ್ಮನೆ ಕೂರಲಾಗದೆ, ನನ್ನ ಬೆನ್ನ ಹಿಂದಿನಿಂದ ಸುತ್ತಿ ಹೋಗಿ ಕ್ಯಾಮೆರಾ ಹೋದಲ್ಲೆಲ್ಲ ತಪಾಸಣೆ ಮಾಡಿದ್ದರು.

ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಎಲ್ಲರೂ ಬಂದು ಸುತ್ತುವರಿದರು. ಮಾವ ಕನ್ನಡಕ ಹಾಕಿಕೊಂಡು ತಮ್ಮನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು.

"ಸರಿಯಾಗಿಯೇ ಇದೆ," ಎಂದರು. "ನಾನು ಒಂದು ಕಡೆ ಮಾತ್ರ ಇದ್ದರೆ ಈ ಮನೆ ನಡೆಯುತ್ತಾ? ಇದು ಕೆಲಸ ಕಣಯ್ಯಾ! ಮುಂದಿನ ವರ್ಷ ನಿನ್ನ ಆ ಕಬ್ಬಿಣವನ್ನೂ ಕೋವಿ ಪಕ್ಕದಲ್ಲೇ ಪೂಜೆಗೆ ಇಡು."

ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬೆಳಗಿನಿಂದ ಅಡುಗೆಮನೆಯಲ್ಲಿ ಕಡಂಬುಟ್ಟು, ಅಂದರೆ ಅಕ್ಕಿಕಡುಬು ಬೇಯಿಸುತ್ತಿದ್ದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, ಚಿತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರು ಅದರಲ್ಲಿ ಎಲ್ಲೂ ಇರಲಿಲ್ಲ. ಗಂಡನ ಕಡೆ ತಿರುಗಿ ಕೇಳಿದರು:

"ಮೂರು ಜನ ಇದ್ರಲ್ಲಾ, ಒಬ್ಬರಾದ್ರೂ ಅಡುಗೆಮನೆಗೆ ಬರಬಾರದಿತ್ತಾ?"