ಅತ್ತೆಯ ಫೋಟೋಕ್ಕೊಂದು ಬಿಳಿ ಛತ್ರಿ

ಬೆಳಕಿನ ವಿಷಯದಲ್ಲಿ ನಾನು ಇಷ್ಟು ದಡ್ಡನೆಂದು ಐವತ್ತೆಂಟು ವರ್ಷ ನನಗೇ ಗೊತ್ತಿರಲಿಲ್ಲ. ಬಟನ್ ಒತ್ತಿದರೆ ಬೆಳಕು ಬರುತ್ತದೆ, ಬರದಿದ್ದರೆ ಕರೆಂಟು ಹೋಗಿದೆ. ಗೋಕಾಕದ ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪು ಕುಟ್ಟಿದವನಿಗೆ ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ಬೇಕಾಗಿರಲಿಲ್ಲ. ಹೀಗಿರುವಾಗ, ಮನೆಯೊಳಗೆ ಒಬ್ಬರ ಮುಖ ಚೆನ್ನಾಗಿ ತೆಗೆಯಬೇಕಾದರೆ ಮೂರು ಲೈಟು ಬೇಕು ಎಂದು ಫೋಟೋ ಸಾಮಾನಿನ ಅಂಗಡಿಯವನು ಹೇಳಿದಾಗ ನಾನು ಕೌಂಟರಿನ ಅಂಚು ಹಿಡಿದುಕೊಂಡೆ. ಒಂದು ಮುಖಕ್ಕೆ ಮೂರು! ನನ್ನ ಮದುವೆಯ ಹಂದರದಲ್ಲಿ ಕರೆಂಟು ಹೋದಾಗ ಮುನ್ನೂರು ಜನಕ್ಕೆ ಎರಡೇ ಗ್ಯಾಸಬತ್ತಿ ಇದ್ದವು. ಆ ಬೆಳಕಿನಲ್ಲಿಯೂ ನಾನು ಸರಿಯಾದ ಹುಡುಗಿಗೇ ತಾಳಿ ಕಟ್ಟಿದ್ದೆ.

ಈ ಲೈಟಿನ ಗೊಡವೆಗೆ ನಾನು ಬಿದ್ದದ್ದು ನನ್ನ ಅತ್ತೆಯಿಂದ. ಹೆಂಡತಿ ಗಿರಿಜಾಳ ತಾಯಿ ನೀಲವ್ವ ವರ್ಷಕ್ಕೊಂದು ತಿಂಗಳು ಮಮದಾಪುರದಿಂದ ನಮ್ಮಲ್ಲಿಗೆ ಬಂದಿರುತ್ತಾರೆ. ಮಾವ ತೀರಿಕೊಂಡಾಗ ಅವರದೊಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವರ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವರ ಹೆಗಲ ಮೇಲೆ ವಾಚು ಕಟ್ಟಿದ ಒಂದು ಕೈ ಉಳಿದುಬಿಟ್ಟಿತು. ಯಾರ ಕೈ ಎಂದು ಇವತ್ತಿನವರೆಗೂ ಪತ್ತೆಯಾಗಿಲ್ಲ. ವರ್ಷ ವರ್ಷವೂ ಮಾವನ ಜೊತೆಗೆ ಆ ಅನಾಮಧೇಯ ಕೈಗೂ ನಾವು ಹಾರ ಹಾಕಿ, ಊದಿನಕಡ್ಡಿ ಬೆಳಗುತ್ತಾ ಬಂದಿದ್ದೇವೆ. ಇದು ಅತ್ತೆಯನ್ನು ಒಳಗೊಳಗೇ ಕೊರೆಯುತ್ತಿತ್ತು.

“ಅಳಿಯಂದಿರ, ನಾ ಕಣ್ಣ ಮುಚ್ಚೂದರಾಗ ನಂದೊಂದು ಛಲೋ ಫೋಟೋ ತಗದ ಇಡ್ರಿ. ನನ್ನ ಹೆಗಲ ಮ್ಯಾಲ ಮಂದೀ ಕೈ ಬ್ಯಾಡ,” ಎಂದರು ಒಂದು ದಿನ.

ಸ್ಟುಡಿಯೋ ಇರುವುದು ಎರಡನೆಯ ಮಹಡಿಯಲ್ಲಿ, ಅತ್ತೆಯ ಮೊಣಕಾಲು ಒಪ್ಪುವುದಿಲ್ಲ. ಸ್ಟುಡಿಯೋದವನು ಮನೆಗೆ ಬರಲು ಕೇಳಿದ ರೇಟು ನನಗೆ ಒಪ್ಪಲಿಲ್ಲ. ಗೆಳೆಯನೊಬ್ಬನಿಂದ ಕೊಂಡ ಹಳೆಯ ಕ್ಯಾಮೆರಾ ಮನೆಯಲ್ಲಿತ್ತು. “ನಾನ ತೆಗೀತೀನಿ, ಅದೇನ ದೊಡ್ಡ ಮಾತು,” ಎಂದುಬಿಟ್ಟೆ. ನನ್ನ ಬಾಳಿನ ಎಲ್ಲ ಫಜೀತಿಗಳೂ ಶುರುವಾದದ್ದು ಇದೇ ವಾಕ್ಯದಿಂದ.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮೊದಲ ಫೋಟೋದಲ್ಲಿ ಅತ್ತೆಯ ಹಣೆ, ಮೂಗು ಮಾತ್ರ ಬಂದವು. ಕಣ್ಣಿದ್ದ ಜಾಗದಲ್ಲಿ ಎರಡು ಕರೀ ಗುಳಿ. ಗಿರಿಜಾ ನೋಡಿ ಹೌಹಾರಿದಳು. ಆಮೇಲೆ ಪಕ್ಕದ ಓಣಿಯ ಬ್ಯೂಟಿ ಪಾರ್ಲರಿನಿಂದ ಬಳೆಯಂತಿರುವ ಒಂದು ರಿಂಗ್ ಲೈಟು ಎರವಲು ತಂದೆ. ಅದರ ಬೆಳಕು ಅತ್ತೆಯ ಚಾಳೀಸಿನಲ್ಲಿ ಮೂಡಿ, ಎರಡೂ ಗಾಜಿನಲ್ಲಿ ಒಂದೊಂದು ದುಂಡನೆಯ ಉಂಗುರ ಕೂತಿತು. “ಕಣ್ಣಾಗ ಕೋಡಬಳಿ ಇಟ್ಟೀರಲ್ಲರಿ!” ಎಂದು ಫೋಟೋ ನೋಡಿ ಅವರೇ ಹೇಳಿದರು. ಹೀಗಾಗಿ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು.

ಮೂರು ಲೈಟಿನ ಆಘಾತದಿಂದ ನಾನು ಚೇತರಿಸಿಕೊಂಡ ಮೇಲೆ ಅಂಗಡಿಯವನು ಕನಿಕರದಿಂದ ಹೇಳಿದ: “ಸರ, ಕಮ್ಮೀದಾಗ ಆಗಬೇಕಂದ್ರ ಒಂದ ದೊಡ್ಡ ಎಲ್‌ಇಡಿ ಬಲ್ಬ್, ಒಂದ ಸ್ಟ್ಯಾಂಡ್, ಒಂದ ಬಿಳೀ ಛತ್ರಿ ಒಯ್ಯಿರಿ. ಆ ಬಾಜೂಕ ಒಂದ ಥರ್ಮಾಕೋಲ್ ಹಾಳಿ ಹಿಡಸ್ರಿ. ಎರಡನೇ ಲೈಟಿನ ಕೆಲಸ ಅದ ಮಾಡತೈತಿ.”

ಛತ್ರಿಯನ್ನು ಬಿಚ್ಚಿ ನೋಡಿದೆ. ಬಟ್ಟೆ ತೆಳ್ಳಗೆ, ಆಚೆ ನಿಂತವನ ಮುಖ ಕಾಣುತ್ತದೆ. “ಇದು ಮಳಿ ತಡೀತೈತೇನಪಾ?” ಎಂದೆ.

“ಇಲ್ಲರಿ. ಇದು ಬೆಳಕು ಸೋರಾಕ ಮಾಡಿದ್ದು.”

ಸೋರುವುದಕ್ಕೆಂದೇ ಮಾಡಿದ ಛತ್ರಿಗೆ ಮಳೆ ತಡೆಯುವ ಛತ್ರಿಯ ಮೂರು ಪಟ್ಟು ಬೆಲೆ! ಆದರೂ ಕೊಂಡೆ. ಮನೆಗೆ ಬಂದು ನಡುಮನೆಯಲ್ಲಿ ಅದನ್ನು ಬಿಚ್ಚಿದಾಗ ಅತ್ತೆ ಮೇಲೆ ಸೂರು ನೋಡಿದರು, ನನ್ನನ್ನು ನೋಡಿದರು, ಮಗಳ ಕಡೆ ತಿರುಗಿ, “ಆರಾಮ ಅದಾರಿಲ್ಲ ಇವ್ರು?” ಎಂದು ಮೆಲ್ಲಗೆ ವಿಚಾರಿಸಿದರು.

ಮರುದಿನ ರವಿವಾರ ಮಧ್ಯಾಹ್ನ ಮುಹೂರ್ತ. ಗೋಡೆಗೆ ನನ್ನ ಬಿಳಿ ಧೋತರ ಕಟ್ಟಿದೆ. ಅತ್ತೆ ಸ್ನಾನ ಮಾಡಿ, ಹಣೆಗೆ ಢಾಳಾಗಿ ವಿಭೂತಿ ಹಚ್ಚಿ, ಹೊಸ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಧೋತರಕ್ಕೆ ಬೆನ್ನು ಕೊಟ್ಟು ನೆಟ್ಟಗೆ ಕೂತರು. ಲೈಟು ಹಚ್ಚಿದೆ. “ಅಯ್ಯ ಶಿವನ, ಸೂರ್ಯಾನ್ನ ಮನೀಯೊಳಗ ತಂದೀರಿ!” ಎಂದು ಕಣ್ಣು ಮುಚ್ಚಿಕೊಂಡವರು ತೆರೆಯಲಿಲ್ಲ. ನಾನು ಛತ್ರಿಯನ್ನು ಮುಂದೆ, ಹಿಂದೆ, ಮೇಲೆ, ಕೆಳಗೆ ಸರಿಸುತ್ತಾ ಅರ್ಧ ತಾಸು ಕಳೆದೆ. ಅಷ್ಟರಲ್ಲಿ ಅತ್ತೆಗೆ ಕೂತಲ್ಲೇ ಜೊಂಪು ಹತ್ತಿತ್ತು. ಪಕ್ಕದಲ್ಲಿ ಥರ್ಮಾಕೋಲ್ ಹಿಡಿದು ನಿಂತ ಗಿರಿಜಾ ಅದರ ಪುಡಿ ಕಣ್ಣಿಗೆ ಬಿದ್ದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ನಾನು ಕ್ಯಾಮೆರಾದ ಮೇಲೆ ತಲೆ ಬಾಗಿಸಿ ಸುಮ್ಮನೆ ನಿಂತಿದ್ದೆ.

ಸರಿಯಾಗಿ ಆ ಹೊತ್ತಿಗೆ ನೆರೆಮನೆಯ ಕಮಲಕ್ಕ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು.

ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡ್ರಿಸುತ್ತೇವೆ. ಇದು ಕಮಲಕ್ಕನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಬೆಳಕಿನ ಲೆಕ್ಕದಲ್ಲಿ ಮುಳುಗಿದ್ದ ನನಗೆ ಹೊಳೆದಿರಲಿಲ್ಲ.

“ಅಯ್ಯ ನಮ್ಮವ್ವಾ! ನೀಲವ್ವಾ! ಮುಂಜಾನಿ ನನ್ನ ಕೂಡ ಅವಲಕ್ಕಿ ತಿಂದೆಲ್ಲ ನಮ್ಮವ್ವಾ!” ಎಂದು ಚೀರಿದವಳೇ ಬಟ್ಟಲು ಬಿಸಾಕಿ ಓಣಿಗೆ ಓಡಿದಳು. ತಡೆಯಲು ಹೊರಟೆ, ಕಾಲಿಗೆ ವೈರು ಸುತ್ತಿ, ಸ್ಟ್ಯಾಂಡು ವಾಲಿ, ಛತ್ರಿಯನ್ನು ಅಪ್ಪಿಕೊಂಡು ನಿಂತೆ. ವೈರು ಬಿಡಿಸಿಕೊಳ್ಳುವುದರಲ್ಲಿ ಓಣಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕೂತು ಹಾಡಿಕೊಂಡು ಅಳತೊಡಗಿದ್ದರು. ಹುಕ್ಕೇರಿಯಲ್ಲಿರುವ ಅತ್ತೆಯ ಮಗ ಈರಣ್ಣನಿಗೂ, ಮೂಡಲಗಿಯ ಬೀಗರಿಗೂ ಕಮಲಕ್ಕ ಫೋನು ಮಾಡಿಯಾಗಿತ್ತು. “ಇಲ್ಲರಿ, ಬರೇ ಫೋಟೋ!” ಎಂದು ನಾನೂ ಗಿರಿಜಾಳೂ ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. “ಪಾಪ, ಅಳಿಯಾಗ ಭಾಳ ಧಕ್ಕಾ ಆಗೇತಿ,” ಎಂದು ಯಾರೋ ನನ್ನ ಬೆನ್ನು ಸವರಿದರು.

ಅಳುವಿನ ಸದ್ದಿಗೆ ಅತ್ತೆಗೆ ಎಚ್ಚರವಾಯಿತು. ಅತ್ತೆಯ ಕಾಲದ ಹೆಂಗಸರದು ಒಂದು ರೀತಿ: ಅಳು ಕೇಳಿದರೆ ಮೊದಲು ತಾವೂ ದನಿಗೂಡಿಸಬೇಕು, ಯಾರೆಂದು ಆಮೇಲೆ ಕೇಳಬೇಕು. ಅದರಂತೆ ಅವರು ಕಣ್ಣು ಮುಚ್ಚಿಕೊಂಡೇ ಎದೆ ಬಡಿದುಕೊಂಡು, “ಎಂಥಾ ಬಾಳೇ ಮಾಡಿದ್ಯವ್ವಾ, ಹೆಂಗ ಬಿಟ್ಟ ಹೋದೆವ್ವಾ!” ಎಂದು ಮನಸಾರೆ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಪಕ್ಕದಲ್ಲಿದ್ದ ಕಮಲಕ್ಕನನ್ನು ಕೇಳಿದರು: “ಯಾರ ಹೋದ್ರ, ಕಮಲಾ?”

ಹಾಡಿಕೊಂಡು ಅಳುತ್ತಿದ್ದವರೆಲ್ಲ ಇತ್ತ ತಿರುಗಿದರು. “ನೀನ ಬೇ,” ಎಂದಳು ಕಮಲಕ್ಕ.

ಹೇಳಿದವಳೇ ಕೈ ಚಾಚಿ ಅತ್ತೆಯ ಹೆಗಲು ಗಟ್ಟಿಯಾಗಿ ಹಿಡಿದಳು. ಅತ್ತೆ ಸುತ್ತಲೂ ನೆರೆದ ಒದ್ದೆ ಮುಖಗಳನ್ನು ಒಂದೊಂದಾಗಿ ನೋಡಿದರು. ಬೊಚ್ಚು ಬಾಯಿ ಅಗಲಿಸಿ ನಕ್ಕರು. ಗಾಬರಿಯಲ್ಲಿ ನನ್ನ ಬೆರಳು ಎಲ್ಲಿ ಒತ್ತಿತೋ, ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಕಚಕ್ ಎಂದಿತು.

ಸಂಜೆ ಹುಕ್ಕೇರಿಯಿಂದ ಈರಣ್ಣ ಅಳುತ್ತ ಬಂದಿಳಿದ. ಅವನ ಕೈಯಲ್ಲಿದ್ದ ಹಾರ ನೋಡಿ ಅತ್ತೆ, “ನನಗ ಇಷ್ಟ ಸಣ್ಣ ಹಾರೇನೋ?” ಎಂದು ಬೈದರು. ಅವನು ಅವರ ಮಡಿಲಲ್ಲಿ ತಲೆ ಇಟ್ಟು ಮತ್ತಷ್ಟು ಅತ್ತ.

ಎರಡು ದಿನ ಬಿಟ್ಟು ಫೋಟೋದ ಪ್ರಿಂಟು ಹಾಕಿಸಿಕೊಂಡು ಬಂದೆ. ಸುಳ್ಳೇಕೆ, ನನ್ನ ಕೈಯಿಂದ ಅಂಥದೊಂದು ಚಿತ್ರ ಬಂದೀತೆಂದು ನಾನೇ ನಂಬಲಿಲ್ಲ. ಮುಖದ ಗೆರೆ ಗೆರೆಯ ಮೇಲೂ ಬೆಳಕು ಮೆತ್ತಗೆ ಕೂತಿದೆ, ಕಣ್ಣು ನಗುತ್ತಿವೆ. ಆದರೆ ಹೆಗಲ ಮೇಲೆ ಹಸಿರು ಬಳೆಯ ಒಂದು ಕೈ! “ಕಂಪ್ಯೂಟರಿನಾಗ ಅಳಿಸಿ ತರ್ತೀನ್ರಿ,” ಎಂದೆ.

ಅತ್ತೆ ಚಾಳೀಸು ಏರಿಸಿ ನೋಡಿದರು. “ಬ್ಯಾಡ್ರಿ, ಇರಲಿ. ಅವ್ರ ಹೆಗಲ ಮ್ಯಾಲಿನ ಕೈ ಯಾರದೋ ಏನೋ. ಇದು ಯಾರದಂತ ನನಗ ಗೊತ್ತೈತಿ. ನಾ ಹೋದೆ ಅಂತ ಖರೇನ ಅತ್ತಾಳ ಅಕಿ.”

ನಾನು ಆಚೆ ತಿರುಗಿ ಛತ್ರಿ ಮಡಚತೊಡಗಿದೆ. “ಅದನ್ಯಾಕ ಮಡಚ್ತೀರಿ?” ಎಂದರು ಅತ್ತೆ, “ಲೈಟ ಹೆಂಗೂ ಐತಿ. ನಿಮ್ದೂ ಒಂದ ಆಗಿ ಹೋಗಲಿ.”

“ನಂದು? ಈಗೇನ ಅವಸರ?”

“ಅವ್ವ ಹೇಳೂದ ಖರೆ ಐತ್ರಿ,” ಎಂದ ಗಿರಿಜಾ ಆಗಲೇ ಧೋತರ ಕಟ್ಟುತ್ತಿದ್ದಳು. ಅತ್ತೆ ತಮ್ಮ ಕೈಯಾರೆ ನನ್ನ ಹಣೆಗೆ ವಿಭೂತಿ ಬಳಿದರು. ಗೋಡೆಗೆ ಬೆನ್ನು ಕೊಟ್ಟು ಕೂತೆ. ನಾನೇ ಆರಿಸಿ ತಂದ ಬಲ್ಬು ಧಗ್ಗನೆ ಹತ್ತಿ, ಕಣ್ಣು ಉರಿದು ದಳದಳ ನೀರು ಬಂತು. ಆದರೂ ನಾನು ಕಣ್ಣು ಮುಚ್ಚಲಿಲ್ಲ. ಅವತ್ತು ಮರೆತ ಹೆಪ್ಪಿಗಾಗಿ ಬಟ್ಟಲು ಹಿಡಿದು ಕಮಲಕ್ಕ ಬಾಗಿಲಲ್ಲಿ ನಿಂತಿದ್ದಳು.