ಯಜಮಾನರ ಸಹಿ

ನಲ್ಲಿ, ಚಿಲಕ, ಮೊಳೆ ಮಾರುವ ಯಜಮಾನರು ಮನುಷ್ಯರನ್ನೂ ಸರಕಿನ ಹಾಗೆಯೇ ಅಳೆಯುತ್ತಾರೆ. ಹೆಂಡತಿಯ ಬಗ್ಗೆ ಅವರ ಹದಿನೆಂಟು ವರ್ಷದ ಅಂದಾಜು: ಗಟ್ಟಿ ಮಾಲು, ತುಕ್ಕು ಹಿಡಿಯುವುದಿಲ್ಲ, ಆಗಾಗ ಕಿರುಗುಟ್ಟುತ್ತದೆ (ಎರಡು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ).

ಅಂಥ ಮಾಲು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿತು. ಸರ್ಟಿಫಿಕೇಟು ಸಿಕ್ಕರೆ ತಾನು ಕೆಲಸ ಮಾಡುವ ಆಸ್ಪತ್ರೆಯ ಫೈಲು ಕೋಣೆಯ ಧೂಳಿನಿಂದೆದ್ದು ರಿಸೆಪ್ಷನ್ ಕುರ್ಚಿಯಲ್ಲಿ ಕೂರಬಹುದು. ಕೊನೆಯ ಹೋಂವರ್ಕು ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸು: ಮನೆಯಲ್ಲಿ ಇವತ್ತಿನವರೆಗೆ ಆಗಿರುವ, ಆಗದಿರುವ ಕೆಲಸಗಳ ಮೇಲೆ ಹತ್ತು ವಾಕ್ಯ. ಎಲ್ಲವೂ ನಿಜವೆಂದು ಮನೆಯವರೊಬ್ಬರ ಸಹಿ ಬೇಕೆಂಬುದು ಮೇಡಂ ಹಾಕಿದ ಕಾನೂನು.

ಯಜಮಾನರು ನೋಟ್‌ಬುಕ್ ತೆರೆದರು. ಹತ್ತೂ ಸಾಲಿನಲ್ಲಿ 'ಹಸ್ಬೆಂಡ್' ಎಂಬ ಪದವೊಂದೇ ಗುರುತು ಸಿಕ್ಕಿತು. ಉಳಿದದ್ದು ಸಿಗಲಿಲ್ಲ. ಆದರೆ 'ಇಂಗ್ಲಿಷು ನನಗೆ ನೀರು ಕುಡಿದಷ್ಟು ಸಲೀಸು' ಎಂದು ಮದುವೆಗೆ ಮುಂಚೆಯೇ ಕೊಚ್ಚಿಕೊಂಡಿದ್ದವರು ಈಗ ಅರ್ಥ ಕೇಳುವುದು ಹೇಗೆ?

"ಇದೇನೇ ಇದು? ಕನ್ನಡದಲ್ಲಿ ಹೇಳು! ನಂಗೇನೋ ಅರ್ಥ ಆಗಿದೆ, ನಿನ್ನ ಬಾಯಲ್ಲೇ ಬರಲಿ."

"ನನ್ನ ಗಂಡ ಮೂರು ವರ್ಷದಿಂದ ಅಡುಗೆಮನೆ ನಲ್ಲಿ ರಿಪೇರಿ ಮಾಡಿಲ್ಲ. ನನ್ನ ಗಂಡ ಬಚ್ಚಲಿಗೆ ಚಿಲಕ ಹಾಕಿಲ್ಲ, ಒಳಗಿದ್ದೋರು ಹಾಡ್ತಾನೇ ಇರಬೇಕು. ನನ್ನ ಗಂಡ..."

"ಸಾಕು! ಊರಿಗೆಲ್ಲ ನಲ್ಲಿ ಮಾರೋನ ಮಾನ ಹರಾಜು ಹಾಕ್ತೀಯಾ? ಸಹಿ ಹಾಕಲ್ಲ!"

"ಒಂದಾದ್ರೂ ಸುಳ್ಳು ಅಂತ ಹೇಳ್ರೀ, ನೋಡೋಣ. ಇಲ್ಲಾಂದ್ರೆ ನಾನು ಜೀವನಪೂರ್ತಿ ಧೂಳು ಕುಡೀತಾ ಇರ್ತೀನಿ, ಬಿಡಿ."

ವ್ಯಾಪಾರ ಕುದುರಿತು: ಒಂದು ರಿಪೇರಿಗೆ ಒಂದು ವಾಕ್ಯ ಅಳಿಸುವುದು. ಭಾನುವಾರವಿಡೀ ಯಜಮಾನರು ಸಿಂಕಿನ ಕೆಳಗೆ ಅಂಗಾತ ಮಲಗಿ, ಇಂಗ್ಲಿಷ್ ಭಾಷೆಯ ವಂಶವನ್ನೇ ಶಪಿಸುತ್ತ ಸ್ಪ್ಯಾನರ್ ತಿರುಗಿಸಿದರು. ಆಕೆ ಅಳಿಸುತ್ತ, ಹೊಸದು ಬರೆಯುತ್ತ ಹೋದಳು. ಸಂಜೆ ಅವರು ನೋಟ್‌ಬುಕ್ಕಿನ ಮೇಲೆ ಹುಬ್ಬು ಗಂಟಿಕ್ಕಿ, "ಹ್ಞೂಂ, ಪರವಾಗಿಲ್ಲ. ಸ್ಪೆಲಿಂಗ್ ಸ್ವಲ್ಪ ನೋಡ್ಕೋ" ಎಂದು ಗತ್ತಿನಿಂದ ಸಹಿ ಜಡಿದರು.

ಮಾರನೆಯ ಸಂಜೆ ಕ್ಲಾಸು ಮುಗಿಸಿಕೊಂಡು ಮೇಡಂ ಅಂಗಡಿಗೇ ಬಂದರು. ಗಿರಾಕಿಗಳು ಬೇರೆ ತುಂಬಿದ್ದರು.

"ನಿಮ್ಮನೆಯವರು ಪಾಸು ಸಾರ್! ಹತ್ತನೇ ವಾಕ್ಯಕ್ಕಂತೂ ಕ್ಲಾಸೆಲ್ಲ ಚಪ್ಪಾಳೆ. ಅದಕ್ಕೂ ಸಹಿ ಹಾಕಿದ್ದೀರಲ್ಲ, ಎಂಥಾ ದೊಡ್ಡ ಮನಸ್ಸು!"

"ಯಾವುದು ಮೇಡಂ ಅದು?"

"'ನನ್ನ ಗಂಡ ಇಂಗ್ಲಿಷ್ ಕಲಿತೇ ಇಲ್ಲ, ಇದನ್ನೂ ಓದದೇ ಸಹಿ ಹಾಕಿದ್ದಾರೆ.'"

ಯಜಮಾನರು ಅಂಗಡಿ ಬಿಟ್ಟು ಮನೆಗೆ ಓಡಿದರು. "ಏನೇ, ಮೇಡಂಗೆ ಸುಳ್ಳು ಬರೆದು ಕೊಟ್ಟಿದ್ದೀಯಾ?"

"ಸುಳ್ಳಾ? ನಿಜ ಅಂತ ಸಹಿ ಹಾಕಿರೋದು ನೀವೇ ಅಲ್ವೇನ್ರೀ?"

ಈಗ ಆಕೆ ರಿಸೆಪ್ಷನ್ ಕುರ್ಚಿಯಲ್ಲಿ ಕೂರುತ್ತಾಳೆ. 'ನನಗೆ ಇಂಗ್ಲಿಷ್ ಬರುವುದಿಲ್ಲ' ಎಂಬ ಒಂದು ಮಾತನ್ನು ಯಜಮಾನರು ಆಕೆಗೆ ಹೇಳುವುದು ಬಾಕಿ ಇದೆ. ಇನ್ನೂ ಹೇಳಿಲ್ಲ.