ಬಾಯಲ್ಲೋ ಮನಸ್ಸಲ್ಲೋ

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಒಂದು ಮರೆಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ. ಎಲ್ಲವೂ ನಿಯತ್ತಿನದೇ.

ನಿಯತ್ತು ಅಂದರೆ ಸಂಕಲ್ಪ. ನಮಾಜಿಗೆ ನಿಲ್ಲುವ ಮುಂಚೆ, ರೋಜಾ ಅಂದರೆ ಉಪವಾಸ ಹಿಡಿಯುವ ಮುಂಚೆ, ಇಂಥದ್ದು ಮಾಡುತ್ತಿದ್ದೇನೆ ಅಂತ ಗಟ್ಟಿ ಮಾಡಿಕೊಳ್ಳುವುದು. ಬಾಯಲ್ಲಿ ಹೇಳಬೇಕು ಅಂತ ಕೆಲವರು. ಮನಸ್ಸಲ್ಲಿದ್ದರೆ ಸಾಕು ಅಂತ ಕೆಲವರು. ನಾನು ಓದಿದ್ದು ಮೂರನೇ ಕ್ಲಾಸು. ಯಾರು ಸರಿ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

೧. ಬುತ್ತಿ ಡಬ್ಬಿ

ಭದ್ರಾವತಿಯಲ್ಲಿ ನಾನು ಕಬ್ಬಿಣದ ಕಾರ್ಖಾನೆಯ ಒಲೆಯ ಮುಂದೆ ಕೆಲಸಕ್ಕಿದ್ದೆ. ಆ ಸದ್ದಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿತ್ತು. ಮಸೀದಿಯಲ್ಲಿ ನಾನು ಪಿಸುಗುಟ್ಟಿದರೂ ಮೂರು ಸಾಲಿಗೆ ಕೇಳುತ್ತಿತ್ತು.

ಒಂದು ದಿನ ಸಂಜೆಯ ಮುಂಚಿನ ಅಸರ್ ನಮಾಜು. ನಾನು ಮಧ್ಯಾಹ್ನದ ಜೊಹರ್ ಅಂತ ನಿಯತ್ತು ಹೇಳಿಬಿಟ್ಟೆ. ಪಕ್ಕದ ಮೂವರು ನನ್ನ ಬಾಯಿ ನೋಡಿಕೊಂಡು ಅದನ್ನೇ ಹೇಳಿದರು. ನಮಾಜು ಮುಗಿದ ಮೇಲೆ ಜಗಳ ಶುರುವಾಯಿತು.

"ನಮ್ಮದೂ ಕೆಡಿಸಿದೆಯಲ್ಲೋ ಮಾರಾಯ!"

ಹಜ್ರತ್, ಅಂದರೆ ನಮಾಜು ಮಾಡಿಸುವ ಗುರುಗಳು, ಸಮಾಧಾನ ಮಾಡಿದರು. "ಬಾಯಿ ತಪ್ಪಿದರೆ ಪರವಾಗಿಲ್ಲ. ಮನಸ್ಸಲ್ಲಿ ಅಸರ್ ಇದ್ದರೆ ಆಯಿತು. ನಿನ್ನ ಮನಸ್ಸಲ್ಲಿ ಏನಿತ್ತಪ್ಪ?"

ಸುಳ್ಳು ಹೇಳುವ ಜಾಗ ಅಲ್ಲ ಅದು.

"ಬುತ್ತಿ ಡಬ್ಬಿ, ಹಜ್ರತ್. ಒಲೆ ಹತ್ತಿರ ಮರೆತು ಬಂದಿದ್ದೆ."

ಮೂವರಲ್ಲಿ ಹಿರಿಯ ಎದ್ದ. "ಹೋಗಿ ಡಬ್ಬಿ ತಗೊಂಡು ಬಾ ಮೊದಲು. ಆಮೇಲೆ ನಮ್ಮ ಪಕ್ಕ ನಿಲ್ಲು."

೨. ಮಾವ, ಬಾಮೈದ

ಹೆಂಡತಿಯ ತವರು ಶಿವಮೊಗ್ಗ. ಅಲ್ಲಿನ ಮಸೀದಿಗೆ ಹೊಸ ಹಜ್ರತ್ ಬಂದಿದ್ದರು. ಬಾಯಲ್ಲಿ ಹೇಳುವುದೇ ಬೇಡ, ಮನಸ್ಸಲ್ಲಿ ಇರಲಿ ಅಂದರು. ಬಾಮೈದ ಒಪ್ಪಿದ. ಮಾವ ಒಪ್ಪಲಿಲ್ಲ. ತಂದೆ ಮಗ ಒಂದೇ ಚಾಪೆಯ ಮೇಲೆ ಕೂತು ಎರಡು ದಿನ ಮಾತು ಬಿಟ್ಟಿದ್ದರು.

ಶುಕ್ರವಾರ ನಾನು ಇಬ್ಬರ ಮಧ್ಯೆ ನಿಂತೆ. ಬಲಗಡೆಯಿಂದ ಮಾವ ಮೊಣಕೈಯಲ್ಲಿ ತಿವಿದರು.

"ಬಾಯಿ ಬಿಟ್ಟು ಹೇಳು."

ಬಾಯಿ ಬಿಟ್ಟೆ. ಎಡಗಡೆಯಿಂದ ಬಾಮೈದ ಕಾಲು ತುಳಿದ.

"ಸುಮ್ನಿರಿ ಭಾವ."

ಮುಚ್ಚಿದೆ. ಮತ್ತೆ ತಿವಿತ. ಮತ್ತೆ ತುಳಿತ. ತಲೆ ಎತ್ತಿ ನೋಡಿದರೆ ಇಡೀ ಮಸೀದಿ ಬಗ್ಗಿದೆ. ನಾವು ಮೂವರು ಮಾತ್ರ ನೆಟ್ಟಗೆ ನಿಂತಿದ್ದೇವೆ.

ಮನೆಗೆ ಬಂದ ಕೂಡಲೇ ಹೆಂಡತಿ ಕೇಳಿದಳು. "ಯಾರ ಮಾತು ಕೇಳಿದ್ರಿ? ಅಪ್ಪಂದೋ, ತಮ್ಮಂದೋ?"

"ಹಜ್ರತರದ್ದೂ ಕೇಳಲಿಲ್ಲ," ಅಂದೆ.

೩. ಮೇಸ್ತ್ರಿ

ನಮ್ಮ ಮೇಸ್ತ್ರಿ ತಮಿಳಿನವರು. ಒಳ್ಳೆಯವರು. ನನಗೆ ಹೇಳಿ ಮಾಡುವ ಚಟ ಅಂಟಿತ್ತಲ್ಲ, ಕಾರ್ಖಾನೆಯಲ್ಲೂ ಹೇಳುತ್ತಿದ್ದೆ. "ಈಗ ಒಲೆ ಬಾಗಿಲು ತೆಗೀತೀನಿ." "ಈಗ ಸಲಾಕೆ ಎತ್ತುತೀನಿ." ಮೇಸ್ತ್ರಿ ಒಂದು ವಾರ ನೋಡಿದರು. ಇದರಿಂದ ಯಾರಿಗೂ ಗಾಯ ಆಗುವುದಿಲ್ಲ ಅಂತ ಖುಷಿಪಟ್ಟರು. ಇನ್ನು ಮೇಲೆ ಎಲ್ಲರೂ ಮಾಡುವ ಮುಂಚೆ ಗಟ್ಟಿಯಾಗಿ ಹೇಳಬೇಕು ಅಂತ ಹುಕುಂ ಕೊಟ್ಟರು.

ಮೂರು ದಿನ ನಡೆಯಿತು. ನಾಲ್ಕನೇ ದಿನ ದೊಡ್ಡ ಸಾಹೇಬರು ನೋಡಲು ಬಂದರು. ಆಗ ಕುಂಸಿ ಕಡೆಯ ಒಬ್ಬ ಕೈ ಮೇಲೆತ್ತಿ ಕೂಗಿದ.

"ಈಗ ಗೋಡೌನ್ ಹಿಂದೆ ಹೋಗಿ ಬೀಡಿ ಸೇದ್ತೀನಿ!"

ಸಾಹೇಬರು ಮೇಸ್ತ್ರಿ ಮುಖ ನೋಡಿದರು. ಮೇಸ್ತ್ರಿ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. "ಸಾಬ್ರೆ, ನಾಳೆಯಿಂದ ಎಲ್ಲಾ ಮನಸ್ಸಲ್ಲೇ ಇರಲಿ."

೪. ಹಜ್ರತರ ಉತ್ತರ

ಆಮೇಲಿನ ಮಳೆಗಾಲದಲ್ಲಿ ಹೆಂಡತಿ ತೀರಿಕೊಂಡಳು. ಜ್ವರ. ಒಂಬತ್ತು ದಿನ.

ಮಣ್ಣು ಮಾಡುವ ಮುಂಚೆ ಒಂದು ನಮಾಜು ಇದೆ. ಅದರ ನಿಯತ್ತು ಬಹಳ ಜನಕ್ಕೆ ಬರುವುದಿಲ್ಲ ಅಂತ ನಮ್ಮ ಭದ್ರಾವತಿಯ ಹಜ್ರತ್ ಗಟ್ಟಿಯಾಗಿ ಹೇಳಿಕೊಟ್ಟರು. ಎಲ್ಲರೂ ಹೇಳಿದರು. ನನ್ನ ಬಾಯಿ ಏಳಲಿಲ್ಲ. ಮೂರು ಸಾಲಿಗೆ ಕೇಳುವ ಬಾಯಿ, ಅವತ್ತು ನನಗೇ ಕೇಳಲಿಲ್ಲ.

ನಲವತ್ತು ದಿನ ಅದೇ ಕೊರೆಯಿತು. ಕೊನೆಗೆ ಹಜ್ರತರ ಹತ್ತಿರ ಹೋದೆ.

"ನಾನು ಏನೂ ಹೇಳಲಿಲ್ಲ. ಅವಳಿಗೆ ಮುಟ್ಟಿತೋ ಇಲ್ಲವೋ?"

"ಮುಟ್ಟಿರುತ್ತೆ. ನಿಯತ್ತು ಇರೋದು ಮನಸ್ಸಲ್ಲಿ."

"ಹಾಗಾದರೆ ಹದಿನೆಂಟು ವರ್ಷ ರೋಜಾದ ನಿಯತ್ತು ನನ್ನ ಬಾಯಲ್ಲಿ ಯಾಕೆ ಹೇಳಿಸಿದಳು?"

ಹಜ್ರತ್ ಗಡ್ಡ ನೀವಿಕೊಂಡರು. "ಹೆಂಡತಿ ಹೇಳಿಸಿದ್ದಕ್ಕೆ ನನ್ನ ಕಿತಾಬಿನಲ್ಲಿ ಉತ್ತರ ಇಲ್ಲಪ್ಪ," ಅಂದರು.

೫. ಗೋಡೆಯಾಚೆ

ಅವಳಿಲ್ಲದ ಮೊದಲ ರಮಜಾನ್ ಬಂತು.

ಹದಿನೆಂಟು ವರ್ಷ ಬೆಳಗಿನ ಜಾವ ಊಟ ಆದ ಕೂಡಲೇ ಅವಳು ಎದುರಿಗೆ ಕೂತು ಒಂದೊಂದೇ ಮಾತು ಹೇಳುತ್ತಿದ್ದಳು. ಅರಬ್ಬಿ ಮಾತು. ನಾನು ಹಿಂದೆಯೇ ಹೇಳುತ್ತಿದ್ದೆ. ಕಲಿಯಲಿಲ್ಲ. ಅವಳಿದ್ದಳಲ್ಲ, ಯಾಕೆ ಕಲಿಯಬೇಕು?

ಆ ದಿನ ನಾನೇ ಅನ್ನ ಬೇಯಿಸಿಕೊಂಡು ಉಂಡೆ. ನಿಯತ್ತಿಗೆ ಕೂತೆ. ಮೊದಲ ಮಾತು ಬರಲಿಲ್ಲ. ಮನಸ್ಸಲ್ಲಿದ್ದರೆ ಸಾಕು ಅಂದಿದ್ದರಲ್ಲ, ಮನಸ್ಸು ನೋಡಿಕೊಂಡೆ. ಅಲ್ಲಿ ರೋಜಾ ಇರಲಿಲ್ಲ. ಅವಳಿದ್ದಳು. ಮಸೀದಿಯಲ್ಲಿ ಬಾಂಗು ಕೂಗುವ ಹೊತ್ತಾಗುತ್ತಿತ್ತು. ಅಷ್ಟರೊಳಗೆ ಹೇಳದಿದ್ದರೆ ರೋಜಾ ಹೋಯಿತು ಅಂತ ನನ್ನ ಭಯ. ಅವಳು ತೀರಿಕೊಂಡ ವರ್ಷವೇ ಮೊದಲ ರೋಜಾ ತಪ್ಪಿದರೆ ಅವಳಿಗೆ ಏನಂತ ಹೇಳಲಿ?

ನಮ್ಮದು ಲೈನ್ ಮನೆ. ನಡುವಿನ ಗೋಡೆ ಹೆಂಚಿನವರೆಗೆ ಇರಲಿಲ್ಲ. ಆಚೆ ಲಿಂಗಾಯತರ ಮನೆ. ಆ ಮನೆಯ ಅಕ್ಕ ಪೂಜೆಗೆ ಅಂತ ಅದೇ ಹೊತ್ತಿಗೆ ಏಳುತ್ತಿದ್ದರು.

"ಏನ್ ಸಾಬ್ರೆ, ಸುಮ್ನಾಗಿಬಿಟ್ರಿ? ಮಂತ್ರ ಹೇಳ್ಲಿಲ್ಲ?"

"ಮರೆತುಹೋಗಿದೆ ಅಕ್ಕ."

ಅಕ್ಕ ಗೋಡೆಯ ಹತ್ತಿರ ಬಂದರು.

"ನಂಗೆ ಬರುತ್ತೆ. ಹನ್ನೆರಡು ವರ್ಷ ಕೇಳಿದೀನಿ. ನಾನು ಹೇಳಿಕೊಟ್ರೆ ನಡೆಯುತ್ತಾ?"

ನಡೆಯುತ್ತೋ ಇಲ್ಲವೋ, ನನಗೇನು ಗೊತ್ತು? "ಹೇಳಿ ಅಕ್ಕ," ಅಂದೆ.

ಅಕ್ಕ ಗಂಟಲು ಸರಿಮಾಡಿಕೊಂಡರು. "ನವೈತು ಅನ್ ಅಸೂಮ..." ನನ್ನ ಹೆಂಡತಿಯದೇ ರಾಗ. ಅವಳು ಉಸಿರು ತೆಗೆದುಕೊಳ್ಳುವ ಕಡೆಯೇ ಇವರೂ ತೆಗೆದುಕೊಂಡರು. ನಾನು ಹಿಂದೆಯೇ ಹೇಳುತ್ತ ಹೋದೆ. ರಮಜಾನ್ ಅನ್ನುವ ಮಾತಿಗೆ ನಿಯತ್ತು ಮುಗಿಯಿತು. ನಾನು ನಿಲ್ಲಿಸಿದೆ. ಅಕ್ಕ ನಿಲ್ಲಿಸಲಿಲ್ಲ. ಅದೇ ರಾಗದಲ್ಲಿ, ಅದೇ ಭಕ್ತಿಯಲ್ಲಿ ಮುಂದಕ್ಕೆ ಹೋದರು.

"ಮೂಛಾಂಕು ಚಾವಲ್ ಲಗ್ಯಾ, ಪೋಂಛೋ."

ಇದು ಅರಬ್ಬಿ ಅಲ್ಲ. ನಮ್ಮ ಮನೆಯ ಉರ್ದು. ಮೀಸೆಗೆ ಅನ್ನ ಅಂಟಿದೆ, ಒರೆಸಿಕೊಳ್ಳಿ ಅಂತ. ದಿನಾ ನಿಯತ್ತು ಮುಗಿಸಿ ಅವಳು ನನ್ನನ್ನು ಬೈಯುತ್ತಿದ್ದ ಮಾತು. ಅಕ್ಕನಿಗೆ ಉರ್ದು ಬಾರದು. ಹನ್ನೆರಡು ವರ್ಷ ಅದನ್ನೂ ಮಂತ್ರ ಅಂತಲೇ ತಿಳಿದಿದ್ದರು.



"ಕೊನೇದು ಹೇಳ್ಲಿಲ್ಲ ನೀವು," ಅಂದರು ಅಕ್ಕ. "ದೇವರ ಕೆಲಸ ಸಾಬ್ರೆ. ಅರ್ಧಕ್ಕೆ ಬಿಡಬಾರದು. ಹೇಳಿ."

ಹೇಳಿದೆ. ಮೂರು ಸಾಲಿಗೆ ಕೇಳುವ ಹಾಗೆ ಹೇಳಿದೆ.

ಬಾಂಗು ಆಯಿತು. ಮೀಸೆ ಮುಟ್ಟಿ ನೋಡಿಕೊಂಡೆ. ಅನ್ನ ಇತ್ತು.